ಪಾರ್ಟ್‌ನರ್ ಸಿಸ್ಟಂ ಕೈಕೊಟ್ಟ ದಿನವೂ ಲಾರಿ ಹೊರಡಬೇಕು: ಬಿಡಿಭಾಗ ಕಾರ್ಖಾನೆಗಳಿಗೊಂದು ಮಾರ್ಗದರ್ಶಿ

2022ರ ಮಾರ್ಚ್ 1ರಂದು ಟೊಯೊಟಾ ಕಂಪನಿ ಜಪಾನಿನಲ್ಲಿರುವ ತನ್ನ 14 ಕಾರ್ಖಾನೆಗಳ 28 ಲೈನ್‌ಗಳನ್ನು ಇಡೀ ದಿನ ನಿಲ್ಲಿಸಬೇಕಾಯಿತು. ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ರಾನ್ಸಮ್‌ವೇರ್ ಹೊಕ್ಕಿದ್ದು ಅದಕ್ಕೆ ಪ್ಲಾಸ್ಟಿಕ್ ಬಿಡಿಭಾಗ ಕೊಡುವ ಕೊಜಿಮಾ ಇಂಡಸ್ಟ್ರೀಸ್‌ನ ಸರ್ವರ್‌ಗಳಿಗೆ. ಕೊಜಿಮಾ ತನ್ನ ನೆಟ್‌ವರ್ಕ್ ಬಂದ್ ಮಾಡಿತು, ಎರಡೂ ಕಂಪನಿಗಳ ನಡುವೆ ಆರ್ಡರ್ ಹರಿದಾಡುವುದು ನಿಂತಿತು, ಸುಮಾರು 13,000 ಕಾರುಗಳ ಉತ್ಪಾದನೆ ತಪ್ಪಿತು. ದಾಳಿಕೋರರು ಒಳಬಂದ ದಾರಿ ಇನ್ನೂ ಗಮನಿಸಬೇಕಾದದ್ದು: ಕೊಜಿಮಾದ ಅಂಗಸಂಸ್ಥೆಯೊಂದು ಹೊರಗಿನ ಒಂದು ಕಂಪನಿಯೊಡನೆ ವ್ಯವಹರಿಸಲು ಇಟ್ಟುಕೊಂಡಿದ್ದ ರಿಮೋಟ್ ಸಂಪರ್ಕದ ಉಪಕರಣ.

2025ರ ಸೆಪ್ಟೆಂಬರ್‌ನಲ್ಲಿ ಇದೇ ಕಥೆ ಬ್ರಿಟನ್ನಿನಲ್ಲಿ ತಿರುಗುಮುರುಗಾಯಿತು. ದಾಳಿಗೆ ಸಿಕ್ಕಿ ಉತ್ಪಾದನೆ ನಿಲ್ಲಿಸಿದ್ದು ಜಾಗ್ವಾರ್ ಲ್ಯಾಂಡ್ ರೋವರ್. ವಾರಗಟ್ಟಲೆ ಆರ್ಡರ್ ಇಲ್ಲದೆ, ಹಣ ಬಾರದೆ ಒದ್ದಾಡಿದ್ದು ಅದರ ಸಪ್ಲೈಯರ್‌ಗಳು. ಕೊನೆಗೆ ಅಲ್ಲಿನ ಸರ್ಕಾರವೇ 150 ಕೋಟಿ ಪೌಂಡ್ ಸಾಲಕ್ಕೆ ಖಾತರಿ ನಿಂತಿತು.

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಎಲ್ಲೇ ಇರಲಿ, ದೊಡ್ಡ ಕಂಪನಿಗೆ ಬಿಡಿಭಾಗ ಕೊಡುವ ಸಣ್ಣ, ಮಧ್ಯಮ ಕಾರ್ಖಾನೆಗಳ ಮಾಲೀಕರಿಗೆ, ಅವರ ಐಟಿ ನೋಡಿಕೊಳ್ಳುವವರಿಗೆ ಈ ಲೇಖನ. ಬಿಸಿನೆಸ್ ಕಂಟಿನ್ಯುಯಿಟಿ ಪ್ಲಾನ್ (ಏನೇ ಕೈಕೊಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಯೋಜನೆ) ಎಂದು ಕನ್ಸಲ್ಟೆಂಟ್‌ಗಳು ಕೊಡುವ ಫೈಲುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಸರ್ವರ್ ಸುಟ್ಟರೆ ಎಂದು ಕಾರ್ಖಾನೆಯ ಗೋಡೆಯೊಳಗಿನದ್ದೆಲ್ಲ ಅದರಲ್ಲಿರುತ್ತದೆ. ಆದರೆ ಇವತ್ತಿನ ಕಾರ್ಖಾನೆ ಹೆಚ್ಚಾಗಿ ನಿಲ್ಲುವುದು ಗೋಡೆಯಾಚೆಗಿನವರ ಜೊತೆ ಜೋಡಿಸಿಕೊಂಡಿರುವ ಕಡೆ: ಗ್ರಾಹಕ ಕಂಪನಿಯ ಪೋರ್ಟಲ್, ಜಿಎಸ್‌ಟಿ, ಬ್ಯಾಂಕು, ಟ್ರಾನ್ಸ್‌ಪೋರ್ಟ್. ಇವರನ್ನೇ ಇಲ್ಲಿ ಪಾರ್ಟ್‌ನರ್ ಎನ್ನುತ್ತೇನೆ. ಪ್ಲಾನ್ ಬರೆಯಲು ಶುರುಮಾಡಬೇಕಾದ್ದೂ ಅಲ್ಲಿಂದಲೇ.

ಮೊದಲು: ಒಂದೇ ಒಂದು ಆರ್ಡರಿನ ಬೆನ್ನುಹತ್ತಿ

ಸರ್ವರ್‌ಗಳ ಪಟ್ಟಿ ಆಮೇಲೆ ಮಾಡೋಣ. ಮೊದಲು ಕಳೆದ ತಿಂಗಳು ಹೋದ ಯಾವುದಾದರೂ ಒಂದು ಲೋಡನ್ನು ಆರಿಸಿಕೊಂಡು, ಶೆಡ್ಯೂಲ್ ಬಂದ ಕ್ಷಣದಿಂದ ಹಣ ಖಾತೆಗೆ ಬಿದ್ದ ಕ್ಷಣದವರೆಗೆ ಅದರ ಹಿಂದೆ ನಡೆಯಿರಿ. ಕಾನ್ಫರೆನ್ಸ್ ರೂಮಿನಲ್ಲಿ ಕೂತು ಮಾಡುವ ಕೆಲಸ ಅಲ್ಲ ಇದು. ಸಂಜೆ ಏಳು ಗಂಟೆಗೆ ಡಿಸ್ಪ್ಯಾಚ್ ಟೇಬಲ್ ಪಕ್ಕ ಕುರ್ಚಿ ಹಾಕಿಕೊಂಡು ಕೂರಬೇಕು.

ಅಲ್ಲಿ ಕಾಣುವುದು ಸಾಮಾನ್ಯವಾಗಿ ಹೀಗಿರುತ್ತದೆ. ಗ್ರಾಹಕರ ಸಪ್ಲೈಯರ್ ಪೋರ್ಟಲ್‌ನಿಂದ ಶೆಡ್ಯೂಲನ್ನು ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳುತ್ತಾರೆ. ಅದನ್ನು ಇಆರ್‌ಪಿಗೋ (ಆರ್ಡರ್, ಸ್ಟಾಕ್, ಲೆಕ್ಕ ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್) ಟ್ಯಾಲಿಗೋ ಏರಿಸುತ್ತಾರೆ. ಇನ್‌ವಾಯ್ಸ್ ತೆಗೆದಾಗ ಅದು ಜಿಎಸ್‌ಟಿ ಪೋರ್ಟಲ್‌ಗಳಿಗೆ ಸಂಪರ್ಕ ಕಲ್ಪಿಸುವ ಜಿಎಸ್‌ಪಿ ಕಂಪನಿಯೊಂದರ ಮೂಲಕ ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಹೋಗಿ ಐಆರ್‌ಎನ್ (ಆ ಬಿಲ್ಲಿನ ನೋಂದಣಿ ನಂಬರ್) ಮತ್ತು ಕ್ಯೂಆರ್ ಕೋಡ್ ಹೊತ್ತು ಬರುತ್ತದೆ. ಮಾಲಿನ ಬೆಲೆ 50,000 ರೂಪಾಯಿ ದಾಟಿದ್ದರೆ ಅದನ್ನು ಸಾಗಿಸಲು ಇ-ವೇ ಬಿಲ್. ಆಮೇಲೆ ಗ್ರಾಹಕರ ಪೋರ್ಟಲ್‌ಗೆ ಎಎಸ್‌ಎನ್ ಹಾಕಬೇಕು, ಅಂದರೆ ಇಂಥ ಪಾರ್ಟು ಇಷ್ಟು ನಗ ಇಂಥ ಗಾಡಿಯಲ್ಲಿ ಬರುತ್ತಿದೆ ಎಂಬ ಮುನ್ಸೂಚನೆ. ಅದು ಕೊಡುವ ಬಾರ್‌ಕೋಡ್ ಲೇಬಲನ್ನು ಪ್ರತಿ ಬಿನ್ನಿಗೂ ಅಂಟಿಸಬೇಕು. ಇಲ್ಲದಿದ್ದರೆ ಆಚೆ ಗೇಟಿನಲ್ಲಿ ಗಾಡಿಯನ್ನು ಒಳಗೇ ಬಿಡುವುದಿಲ್ಲ. ಕೊನೆಗೆ ಟ್ರಾನ್ಸ್‌ಪೋರ್ಟಿನವರ ವಾಟ್ಸ್‌ಆ್ಯಪ್ ಗುಂಪಿಗೆ ಗಾಡಿ ನಂಬರ್.

ಇಷ್ಟರಲ್ಲಿ ನಿಮ್ಮ ಕೈಯಲ್ಲಿರುವುದು ಎಷ್ಟು, ಬೇರೆಯವರ ಕೈಯಲ್ಲಿರುವುದು ಎಷ್ಟು ಎಂದು ಲೆಕ್ಕಹಾಕಿ. ಒಂದು ಲೋಡ್ ಹೊರಡಲು ನಿಮ್ಮದಲ್ಲದ ಐದಾರು ಸಿಸ್ಟಂಗಳು ಏಕಕಾಲಕ್ಕೆ ಎದ್ದಿರಬೇಕು ಎಂಬುದು ಮಾಲೀಕರಿಗೆ ಮೊದಲ ಸಲ ಕಣ್ಣಿಗೆ ಕಾಣುವುದು ಆಗಲೇ. ಪ್ರತಿ ಹೆಜ್ಜೆಗೂ ಮೂರು ಸಂಗತಿ ಬರೆದುಕೊಳ್ಳಿ: ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಲಾಗಿನ್‌ನಲ್ಲಿ, ಆ ಲಾಗಿನ್ ಯಾರ ಹೆಸರಲ್ಲಿದೆ. ಮೂರನೆಯದರಲ್ಲಿ ಆಶ್ಚರ್ಯ ಕಾದಿರುತ್ತದೆ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟವರ ಮೇಲ್ ಐಡಿಯಲ್ಲೇ ಪೋರ್ಟಲ್ ಲಾಗಿನ್ ನಡೆಯುತ್ತಿರುವುದು ಎಷ್ಟೋ ಕಡೆ ಕಾಣುತ್ತದೆ.

ಆಮೇಲೆ: ಎಷ್ಟು ಹೊತ್ತು ತಡೆಯಬಹುದು?

ಕನ್ಸಲ್ಟೆಂಟ್‌ಗಳ ಭಾಷೆಯಲ್ಲಿ ಆರ್‌ಟಿಒ, ಆರ್‌ಪಿಒ ಎಂಬ ಎರಡು ಅಳತೆಗಳಿವೆ. ಮೊದಲನೆಯದು, ನಿಂತದ್ದು ಎಷ್ಟು ಹೊತ್ತಿನೊಳಗೆ ಮತ್ತೆ ನಡೆಯಬೇಕು. ಎರಡನೆಯದು, ಎಷ್ಟು ಹೊತ್ತಿನ ಎಂಟ್ರಿ ಕಳೆದುಹೋದರೆ ಸಹಿಸಬಹುದು. ಐಟಿಯವರನ್ನು ಕೇಳಿದರೆ ಎಲ್ಲಕ್ಕೂ 'ನಾಲ್ಕು ಗಂಟೆ' ಎಂದು ಬರೆದುಬಿಡುತ್ತಾರೆ. ಅವರನ್ನು ಬಿಟ್ಟು ಡಿಸ್ಪ್ಯಾಚ್, ಅಕೌಂಟ್ಸ್, ಪ್ರೊಡಕ್ಷನ್ ನೋಡುವವರನ್ನು ಕೇಳಿ.

ಗ್ರಾಹಕರ ಲೈನಿಗೆ ದಿನಕ್ಕೆ ನಾಲ್ಕು ಸಲ ಮಾಲು ಹೋಗುತ್ತಿದ್ದರೆ, ಎಎಸ್‌ಎನ್ ಎರಡು ಗಂಟೆ ನಿಂತರೂ ಅವರ ಲೈನ್ ನಿಲ್ಲುವ ಭಯ, ದಂಡದ ಭಯ. ಅದೇ ಸಂಬಳದ ಫೈಲ್ ಬ್ಯಾಂಕಿಗೆ ಹೋಗುವುದು ತಿಂಗಳಲ್ಲಿ ಒಂದು ದಿನ. ಉಳಿದ ದಿನ ಆ ಸಂಪರ್ಕ ಸತ್ತರೂ ಯಾರಿಗೂ ಗೊತ್ತಾಗುವುದಿಲ್ಲ, ಆ ಒಂದು ದಿನ ಮಾತ್ರ ಸಾಯಬಾರದು. ಗುಣಮಟ್ಟದ ವರದಿ ಎರಡು ದಿನ ತಡವಾದರೆ ಬಹುಶಃ ನಡೆಯುತ್ತದೆ. ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಹೊತ್ತು ಬರುತ್ತದೆ, ಅದಕ್ಕೆ ತಕ್ಕಂತೆ ಖರ್ಚೂ ಇಳಿಯುತ್ತದೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಕಾಸು ಬೇಡದ ಕಡೆ ಹೋಗುತ್ತದೆ, ಬೇಕಾದಲ್ಲಿ ಇರುವುದಿಲ್ಲ.

ನೀವು ಬರೆದ ಹೊತ್ತನ್ನು ಪಾರ್ಟ್‌ನರ್ ಕೊಟ್ಟ ಒಪ್ಪಂದದ ಪಕ್ಕ ಇಟ್ಟು ನೋಡಿ. ಶೇ 99.9ರಷ್ಟು ಹೊತ್ತು ಸೇವೆ ಲಭ್ಯ ಎಂದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ನಿಂತರೂ ಅವರ ಮಾತು ಉಳಿಯಿತು ಎಂದರ್ಥ. ಶೇ 99.5 ಎಂದಿದ್ದರೆ ಸುಮಾರು 44 ಗಂಟೆ. ಮೊದಲೇ ತಿಳಿಸಿ ಮಾಡುವ ಮೆಂಟೆನೆನ್ಸ್ ಹೆಚ್ಚಿನ ಒಪ್ಪಂದಗಳಲ್ಲಿ ಈ ಲೆಕ್ಕಕ್ಕೇ ಬರುವುದಿಲ್ಲ. ನಿಮಗೆ ತಡೆಯಲಾಗುವುದು ಎರಡು ಗಂಟೆ, ಅವರು ಒಪ್ಪಿಕೊಂಡಿರುವುದು ಇಡೀ ದಿನ ಎಂದಾದರೆ ನಡುವಿನ ಆ ಅಂತರ ತುಂಬಿಕೊಳ್ಳುವ ಹೊಣೆ ನಿಮ್ಮದೇ.

ಪಾರ್ಟ್‌ನರ್‌ಗೊಂದು ಹಾಳೆ

ಪ್ರತಿ ಪಾರ್ಟ್‌ನರ್‌ಗೂ ಒಂದೇ ಹಾಳೆ. ಎರಡನೇ ಹಾಳೆಗೆ ಹೋದರೆ ರಾತ್ರಿ ಹೊತ್ತು ಯಾರೂ ಓದುವುದಿಲ್ಲ. ಸಿಸ್ಟಂ ಹೆಸರು, ಅದರಿಂದ ನಮಗೆ ಆಗುವ ಕೆಲಸ, ಹಗಲು ಯಾರಿಗೆ ಫೋನ್ ಮಾಡಬೇಕು, ರಾತ್ರಿ ಎರಡು ಗಂಟೆಗೆ ಯಾರು ಎತ್ತುತ್ತಾರೆ, ಅವರು ಎತ್ತದಿದ್ದರೆ ಅವರ ಮೇಲಿನವರು ಯಾರು, ಸಿಸ್ಟಂ ನಿಂತಾಗ ಮಾಲು ಒಳಗೆ ಬಿಡಲು ಅವರು ಒಪ್ಪಿರುವ ಬದಲಿ ದಾರಿ ಯಾವುದು. ಇದರಲ್ಲಿ ಕೊನೆಯದೇ ಮುಖ್ಯ. ಗ್ರಾಹಕರ ಪೋರ್ಟಲ್ ನಿಂತ ರಾತ್ರಿ ಅವರ ಗೇಟಿನ ಸೆಕ್ಯುರಿಟಿಯವರಿಗೆ ನಿಮ್ಮ ಪ್ಲಾನ್ ಗೊತ್ತಿರುವುದಿಲ್ಲ. 'ಪೋರ್ಟಲ್ ಇಲ್ಲದಾಗ ಸ್ಟೋರ್ಸ್ ಇನ್‌ಚಾರ್ಜ್ ಅವರ ಮೇಲ್ ಇದ್ದರೆ ಗಾಡಿ ಒಳಬಿಡಬಹುದು' ಎಂಬಂಥ ಒಂದು ಸಾಲನ್ನು ಅವರಿಂದ ಮೊದಲೇ ಬರೆಸಿಕೊಳ್ಳಿ. ಕೇಳಿದರೆ ಬಹಳಷ್ಟು ಕಂಪನಿಗಳು ಕೊಡುತ್ತವೆ, ಏಕೆಂದರೆ ಲೈನ್ ನಿಂತರೆ ಅವರಿಗೂ ನಷ್ಟ.

ಇನ್ನೊಂದು ಪ್ರಶ್ನೆ ಕೇಳಲು ಸಂಕೋಚ ಬೇಡ: ನಿಮ್ಮ ಹಿಂದೆ ಯಾರಿದ್ದಾರೆ? 2024ರ ಜುಲೈ 31ರಂದು ಬ್ಯಾಂಕುಗಳಿಗೆ ಐಟಿ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪನಿಗೆ ರಾನ್ಸಮ್‌ವೇರ್ ತಗುಲಿತು. ಪಿಡುಗು ಹರಡದಿರಲೆಂದು, ಯುಪಿಐ ನಡೆಸುವ ಎನ್‌ಪಿಸಿಐ ಆ ಕಂಪನಿಯನ್ನು ತನ್ನ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಕತ್ತರಿಸಿತು. ಅದರ ಮೇಲೆ ನಿಂತಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ, ಅಂದರೆ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ, ಯುಪಿಐ, ಎಟಿಎಂ ಸೇವೆ ಒಮ್ಮೆಗೇ ನಿಂತುಹೋಯಿತು. ಗ್ರಾಹಕರಲ್ಲಿ ಎಷ್ಟು ಜನ ಅದಕ್ಕೆ ಮುಂಚೆ ಆ ಕಂಪನಿಯ ಹೆಸರು ಕೇಳಿದ್ದರು? ನಿಮ್ಮ ಕೆಲಸಗಾರರ ಸಂಬಳದ ಖಾತೆ ಇರುವ ಬ್ಯಾಂಕು, ನಿಮ್ಮ ಜಿಎಸ್‌ಪಿ, ನಿಮ್ಮ ಇಆರ್‌ಪಿಯ ಕ್ಲೌಡ್, ಇವರ ಹಿಂದಿರುವವರ ಹೆಸರು ಹಾಳೆಯಲ್ಲಿ ಇರಲಿ. ಎರಡು ಬ್ಯಾಂಕು ಇಟ್ಟುಕೊಂಡಿದ್ದೇವೆಂದು ನೆಮ್ಮದಿಯಾಗಿದ್ದವರಿಗೆ ಎರಡರ ಹಿಂದೆಯೂ ಒಂದೇ ಸೇವಾ ಕಂಪನಿ ಇದ್ದರೆ ಪ್ರಯೋಜನವಿಲ್ಲ.

ಜೋಡಣೆಯನ್ನು ಮುರಿದರೂ ಕೆಡದಂತೆ ಕಟ್ಟಿ

ಇಲ್ಲಿಂದ ಮುಂದಿನದು ತಾಂತ್ರಿಕ ಭಾಗ. ನಿಮ್ಮ ಇಆರ್‌ಪಿ ಮಾಡುವವರ ಜೊತೆ ಕೂತು ಓದಿ.

ಎರಡು ಸಿಸ್ಟಂ ನೇರವಾಗಿ ಮಾತಾಡಿಕೊಂಡರೆ, ಅಂದರೆ ಇನ್‌ವಾಯ್ಸ್ ಸೇವ್ ಒತ್ತಿದ ಕೂಡಲೇ ಆಚೆಯ ಎಪಿಐ (ಸಿಸ್ಟಂಗಳು ತಮ್ಮತಮ್ಮಲ್ಲೇ ಮಾತಾಡುವ ಕಿಂಡಿ) ಉತ್ತರಿಸಲೇಬೇಕು ಎಂದಿದ್ದರೆ, ಆಚೆಯದು ನಿಂತಾಗ ಇಲ್ಲಿಯ ಪರದೆಯೂ ಸುತ್ತುತ್ತಲೇ ನಿಲ್ಲುತ್ತದೆ. ನಡುವೆ ಒಂದು ಕ್ಯೂ ಇರಬೇಕು. ಇಲ್ಲಿಯ ಕೆಲಸ ಇಲ್ಲಿ ಮುಗಿದು, ಕಳಿಸಬೇಕಾದ್ದು ಕ್ಯೂನಲ್ಲಿ ಕಾಯುತ್ತ, ಆಚೆಯವರು ಎದ್ದಾಗ ಸಾಲಾಗಿ ಹೋಗಬೇಕು. ಎಷ್ಟು ಕಾಯುತ್ತಿವೆ ಎಂಬುದು ಡಿಸ್ಪ್ಯಾಚ್‌ನವರಿಗೆ ಪರದೆಯ ಮೇಲೇ ಕಾಣಬೇಕು.

ಕ್ಯೂ ಬಂದ ಕೂಡಲೇ ಎರಡನೇ ತೊಂದರೆ ಹುಟ್ಟುತ್ತದೆ: ಒಂದೇ ಎಎಸ್‌ಎನ್ ಎರಡು ಸಲ ಹೋಗುವುದು. ಕಳಿಸಿದ್ದು ತಲುಪಿತು, 'ತಲುಪಿತು' ಎಂಬ ಉತ್ತರ ದಾರಿಯಲ್ಲಿ ಕಳೆಯಿತು, ನಮ್ಮ ಸಿಸ್ಟಂ ಮತ್ತೆ ಕಳಿಸಿತು. ಆಚೆ 500 ನಗದ ಬದಲು 1,000 ನಗ ಎಂದು ದಾಖಲಾಯಿತು. ಈ ಗೊಂದಲ ಬಿಡಿಸಲು ವಾರ ಹಿಡಿಯುತ್ತದೆ, ಅಷ್ಟೂ ದಿನ ಪೇಮೆಂಟ್ ತಡೆ. ಆದ್ದರಿಂದ ಪ್ರತಿ ಸಂದೇಶಕ್ಕೂ ಬದಲಾಗದ ಒಂದು ನಂಬರ್ ಇರಬೇಕು, ಅದೇ ನಂಬರ್ ಎರಡನೇ ಸಲ ಬಂದರೆ ಆಚೆಯ ಸಿಸ್ಟಂ ಬದಿಗೆ ಸರಿಸಬೇಕು. ಪಾರ್ಟ್‌ನರ್ ಹಾಗೆ ಮಾಡುತ್ತಾರೆಯೇ ಎಂದು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ. ಅವರ ಟೆಸ್ಟ್ ಸಿಸ್ಟಂಗೆ ಒಂದೇ ಸಂದೇಶ ಎರಡು ಸಲ ಕಳಿಸಿ ನೋಡಿ.

ಮೂರನೆಯದು ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ನಿಮ್ಮ ಲೈನನ್ನು ಗುರುತಿಸುವ ನಂಬರ್. ಬಹಳ ಪ್ಲಾನ್‌ಗಳು ಮುಗ್ಗರಿಸುವುದು ಇಲ್ಲೇ. ಬ್ಯಾಂಕು, ದೊಡ್ಡ ಗ್ರಾಹಕರು ತಮ್ಮ ಫೈರ್‌ವಾಲ್‌ನಲ್ಲಿ ನಿಮ್ಮ ಒಂದು ನಿಗದಿತ ಐಪಿಗೆ ಮಾತ್ರ ಬಾಗಿಲು ತೆರೆದಿರುತ್ತಾರೆ. ರಸ್ತೆ ಅಗೆದು ಫೈಬರ್ ತುಂಡಾಯಿತು, ನೀವು ಎರಡನೇ ಇಂಟರ್‌ನೆಟ್ ಲೈನಿಗೆ ಬದಲಾದಿರಿ, ಗೂಗಲ್ ತೆರೆಯುತ್ತದೆ, ಮೇಲ್ ಬರುತ್ತದೆ, ಎಎಸ್‌ಎನ್ ಮಾತ್ರ ಹೋಗುವುದಿಲ್ಲ. ಹೊಸ ಲೈನಿನ ಐಪಿ ಅವರ ಪಟ್ಟಿಯಲ್ಲಿಲ್ಲ, ಅದನ್ನು ಸೇರಿಸಲು ಅವರಲ್ಲಿ ಅನುಮತಿಯ ಸುತ್ತು ಮುಗಿಯಲು ದಿನಗಳೇ ಬೇಕು. ಎರಡನೇ ಲೈನ್, ಬೇರೆ ಊರಿನ ಬದಲಿ ಸರ್ವರ್, ಎಲ್ಲದರ ಐಪಿಯನ್ನೂ ಇವತ್ತೇ ಕೊಟ್ಟು ಸೇರಿಸಿಸಿ. ಎರಡೂ ಲೈನ್ ಒಂದೇ ಕಂಬದ ಮೇಲೆ ಬರುತ್ತಿವೆಯೇ ಎಂದು ಹೊರಗೆ ಬಂದು ತಲೆಯೆತ್ತಿ ನೋಡುವುದೂ ಒಳ್ಳೆಯದು.

ಇನ್ನು ಅವಧಿ ಮುಗಿಯುವಂಥವು: ಸೈಟಿನ ಸರ್ಟಿಫಿಕೇಟ್, ಡಿಜಿಟಲ್ ಸಹಿಯ ಟೋಕನ್, ಎಪಿಐ ಕೀ, ಡೊಮೈನ್ ಹೆಸರು. ಇವು ಮುಗಿಯುವ ತಾರೀಖು ಮೊದಲೇ ಗೊತ್ತಿರುತ್ತದೆ, ಆದರೂ ನೆನಪಾಗುವುದು ಮುಗಿದ ದಿನವೇ. ಎಲ್ಲವನ್ನೂ ಒಂದು ಕ್ಯಾಲೆಂಡರ್‌ಗೆ ಹಾಕಿ, ಒಂದು ತಿಂಗಳ ಮುಂಚೆ ಇಬ್ಬರಿಗೆ ನೆನಪೋಲೆ ಬರುವಂತೆ ಮಾಡಿ.

ಓಟಿಪಿಯನ್ನು ಮರೆಯಬೇಡಿ. 2025ರ ಏಪ್ರಿಲ್‌ನಿಂದ ಇ-ವೇ ಬಿಲ್, ಇ-ಇನ್‌ವಾಯ್ಸ್ ಪೋರ್ಟಲ್ ಲಾಗಿನ್‌ಗೆ ಎರಡು ಹಂತದ ದೃಢೀಕರಣ ಎಲ್ಲ ತೆರಿಗೆದಾರರಿಗೂ ಕಡ್ಡಾಯ. ಮಾಮೂಲಿ ದಿನಗಳಲ್ಲಿ ಎಪಿಐ ಮೂಲಕ ನಡೆಯುವುದರಿಂದ ಇದು ತಟ್ಟುವುದಿಲ್ಲ. ಇಆರ್‌ಪಿ ನಿಂತು ನೇರವಾಗಿ ಪೋರ್ಟಲ್‌ಗೆ ಹೋಗಬೇಕಾದ ರಾತ್ರಿ ತಟ್ಟುತ್ತದೆ. 'ಸಾರ್, ಗಾಡಿ ಲೋಡ್ ಆಗಿ ನಿಂತಿದೆ, ಓಟಿಪಿ ನಿಮ್ಮ ಫೋನಿಗೆ ಬಂದಿರುತ್ತೆ, ಸ್ವಲ್ಪ ಹೇಳಿ ಸಾರ್' ಎಂದು ಡಿಸ್ಪ್ಯಾಚ್ ಹುಡುಗ ಕರೆ ಮಾಡುವಾಗ ಮಾಲೀಕರು ಮದುವೆ ಮನೆಯಲ್ಲೋ ವಿಮಾನದಲ್ಲೋ ಇರುತ್ತಾರೆ. ಎರಡೂ ಶಿಫ್ಟಿನ ಒಬ್ಬೊಬ್ಬರಿಗೆ ಅವರದೇ ಮೊಬೈಲ್ ನಂಬರಿನಲ್ಲಿ ಉಪ-ಬಳಕೆದಾರರ ಲಾಗಿನ್ ಮಾಡಿಸಿಡಿ.

ಕಾಗದದ ದಾರಿ

2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷದ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ಕೆಡವಿದಾಗ ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ವಿಮಾನಗಳು ತಡವಾದವು, ಹಲವು ರದ್ದಾದವು, ಆದರೂ ಜನ ಒಂದಷ್ಟು ಮಟ್ಟಿಗೆ ಹೋದರು. ಕಾಗದದ ದಾರಿಗೆ ಆ ಬೆಲೆ ಇದೆ. ಆದರೆ ಕಾನೂನು ಒಪ್ಪುವ ಕಾಗದ ಯಾವುದು ಎಂದು ಮೊದಲೇ ತಿಳಿದಿರಬೇಕು.

ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಐಆರ್‌ಎನ್ ಇಲ್ಲದೆ ಕೊಟ್ಟ ಬಿಲ್ಲು ಬಿಲ್ಲೇ ಅಲ್ಲ ಎನ್ನುತ್ತದೆ ನಿಯಮ. ಹಾಗಾಗಿ ಪೋರ್ಟಲ್ ನಿಂತಿದೆಯೆಂದು ವರ್ಡ್‌ನಲ್ಲಿ ಬಿಲ್ ಹೊಡೆದು ಕಳಿಸುವುದು ಪರಿಹಾರವಲ್ಲ. ಎರಡು ದಾರಿಗಳಿವೆ. ಒಂದು, ಐಆರ್‌ಎನ್ ಕೊಡುವ ಪೋರ್ಟಲ್ ಒಂದೇ ಅಲ್ಲ. ಸರ್ಕಾರಿ ಐಟಿ ಸಂಸ್ಥೆ ಎನ್‌ಐಸಿಯದ್ದೇ ಎರಡಿವೆ, ಖಾಸಗಿ ಕಂಪನಿಗಳು ನಡೆಸುವ ಅಧಿಕೃತ ಪೋರ್ಟಲ್‌ಗಳೂ ಇವೆ. ಎರಡನೆಯದೊಂದರಲ್ಲಿ ಈಗಲೇ ನೋಂದಾಯಿಸಿ, ಒಂದು ನಿಜವಾದ ಬಿಲ್ಲನ್ನು ಅದರಿಂದ ತೆಗೆದು ನೋಡಿ. ಇನ್ನೊಂದು, ಜಿಎಸ್‌ಟಿ ನಿಯಮ 55ರ ಡೆಲಿವರಿ ಚಲನ್. ಮಾಲು ಹೊರಡುವ ಹೊತ್ತಿಗೆ ಟ್ಯಾಕ್ಸ್ ಇನ್‌ವಾಯ್ಸ್ ಕೊಡಲಾಗದಿದ್ದರೆ ಚಲನ್ ಮೇಲೆ ಕಳಿಸಿ, ತಲುಪಿದ ಮೇಲೆ ಇನ್‌ವಾಯ್ಸ್ ಕೊಡಲು ಅದರಲ್ಲಿ ಅವಕಾಶವಿದೆ. ಚಲನ್ ಆಧಾರದ ಮೇಲೂ ಇ-ವೇ ಬಿಲ್ ಬೇಕಾಗುತ್ತದೆ ಎಂಬುದು ನೆನಪಿರಲಿ. ಇದನ್ನು ಯಾವ ಸಂದರ್ಭಕ್ಕೆ ಬಳಸಬಹುದು ಎಂದು ನಿಮ್ಮ ಆಡಿಟರ್‌ರಿಂದ ಬರಹದಲ್ಲಿ ಪಡೆದು ಫೈಲಿಗೆ ಸೇರಿಸಿ. ಇ-ವೇ ಬಿಲ್‌ಗೂ 2025ರ ಜುಲೈನಿಂದ ಎರಡನೇ ಪೋರ್ಟಲ್ ಬಂದಿದೆ. ಮೊದಲನೆಯದರಲ್ಲಿ ತೆಗೆದ ಬಿಲ್ಲಿಗೆ ಗಾಡಿ ನಂಬರ್ ಸೇರಿಸುವಂಥ ಕೆಲಸಗಳನ್ನು ಅಲ್ಲಿ ಮಾಡಬಹುದು.

ವಹಿವಾಟು 10 ಕೋಟಿ ಮತ್ತು ಅದಕ್ಕಿಂತ ಹೆಚ್ಚಿದ್ದರೆ, ಬಿಲ್ಲಿನ ತಾರೀಖಿನಿಂದ 30 ದಿನದೊಳಗೆ ಅದನ್ನು ಪೋರ್ಟಲ್‌ಗೆ ಏರಿಸಿರಬೇಕು. ದಾಳಿಗೆ ಸಿಕ್ಕಿ ಮೂರು ವಾರ ಸಿಸ್ಟಂ ಇಲ್ಲದೆ ಕಳೆದವರಿಗೆ ಈ ಗಡುವು ಬಹಳ ಹತ್ತಿರ.

ಕಾಗದದ ಮೇಲೆ ನಡೆಸುವಾಗ ನಂಬರ್ ಸರಣಿ ಬೇರೆ ಇರಲಿ. ಕೈಬರಹದ ಚಲನ್ ಪುಸ್ತಕಕ್ಕೆ ಪ್ರತ್ಯೇಕ ಅಕ್ಷರದಿಂದ ಶುರುವಾಗುವ ನಂಬರ್ ಅಚ್ಚುಹಾಕಿಸಿ, ಎರಡು ಪುಸ್ತಕ ಗೇಟಿನ ಹತ್ತಿರ ಇಡಿ. ಸಿಸ್ಟಂ ಎದ್ದಮೇಲೆ ಅದನ್ನೆಲ್ಲ ಎಂಟ್ರಿ ಮಾಡುವವರು ಒಬ್ಬರೇ ಇರಲಿ. ಇಬ್ಬರು ಕೂತು ಅರ್ಧರ್ಧ ಮಾಡಿದರೆ ಒಂದೇ ಚಲನ್ ಎರಡು ಸಲ ಏರುತ್ತದೆ. ಕಾಗದ, ಕ್ಯೂ, ಗ್ರಾಹಕರ ಸ್ವೀಕೃತಿ, ಮೂರೂ ತಾಳೆಯಾದ ಮೇಲಷ್ಟೇ ಆ ದಿನದ ಲೆಕ್ಕ ಮುಚ್ಚಿ.

ಬ್ಯಾಕಪ್: ಎಲ್ಲರೂ ಇದೆ ಎನ್ನುತ್ತಾರೆ

2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು 700ಕ್ಕೂ ಹೆಚ್ಚು ಸಿಸ್ಟಂಗಳು ನಿಂತವು. ಅಲ್ಲಿನ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿಗೆ ಬೇರೆಡೆ ಪ್ರತಿಯೇ ಇರಲಿಲ್ಲ. ಇಷ್ಟು ದೊಡ್ಡವರಿಗೇ ಹೀಗಾಗುವಾಗ, ಸರ್ವರ್ ಪಕ್ಕದಲ್ಲೇ ಯುಎಸ್‌ಬಿ ಡಿಸ್ಕ್ ಚುಚ್ಚಿಟ್ಟು ದಿನವೂ ಬ್ಯಾಕಪ್ ಆಗುತ್ತಿದೆ ಎನ್ನುವವರ ಗತಿ ಏನು? ರಾನ್ಸಮ್‌ವೇರ್ ಬಂದರೆ ಅದು ಮೊದಲು ಲಾಕ್ ಮಾಡುವುದರಲ್ಲಿ ಆ ಡಿಸ್ಕೂ ಒಂದು.

ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ ಎಂಬ ಹಳೆಯ ನಿಯಮ ಈಗಲೂ ಸರಿ. ಅದಕ್ಕೆ ಒಂದನ್ನು ಸೇರಿಸಿ: ಒಂದು ಪ್ರತಿ ಯಾವ ತಂತಿಗೂ ಸಿಕ್ಕಿಸದೆ ಇರಲಿ. ಇಆರ್‌ಪಿಯ ಡೇಟಾದ ಜೊತೆಗೆ ಜೋಡಣೆಯ ಪ್ರೋಗ್ರಾಂ, ಸೆಟ್ಟಿಂಗ್ಸ್, ಕೀಗಳು, ಪಾರ್ಟ್‌ನರ್‌ನ ಪಾರ್ಟ್ ನಂಬರ್‌ಗಳನ್ನು ನಿಮ್ಮದಕ್ಕೆ ಹೊಂದಿಸುವ ಪಟ್ಟಿ, ಇವೂ ಬ್ಯಾಕಪ್‌ನಲ್ಲಿರಬೇಕು. ಡೇಟಾ ವಾಪಸ್ ಬಂದು ಆ ಪಟ್ಟಿ ಬಾರದಿದ್ದರೆ ಜೋಡಣೆಯನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ. ಕ್ರೌಡ್‌ಸ್ಟ್ರೈಕ್ ಸಮಯದಲ್ಲಿ ಲಾಕ್ ಆದ ಡಿಸ್ಕನ್ನು ತೆರೆಯುವ ರಿಕವರಿ ಕೀ ಕೈಗೆ ಸಿಗದೆ ಪರದಾಡಿದವರು ಬಹಳ ಮಂದಿ. ಅಂಥ ಕೀಗಳನ್ನು, ಪಾರ್ಟ್‌ನರ್ ಹಾಳೆಗಳನ್ನು ಮುದ್ರಿಸಿ ಮೊಹರು ಮಾಡಿದ ಲಕೋಟೆಯಲ್ಲಿ ಬೀರುವಿನಲ್ಲಿಡಿ. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್ ಮೇಲೆ ಪೂರ್ತಿ ರಿಸ್ಟೋರ್ ಮಾಡಿ ನಿನ್ನೆಯ ಒಂದು ಇನ್‌ವಾಯ್ಸ್ ತೆಗೆದು ನೋಡಿ. ಹಾಗೆ ತೆಗೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸರ್ವರ್ ಇರುವ ಕೋಣೆ ನೆಲಮಾಳಿಗೆಯಲ್ಲಿದ್ದರೆ ಮೇಲಕ್ಕೆ ತನ್ನಿ. 2022ರ ಸೆಪ್ಟೆಂಬರ್‌ನ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದದ್ದು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ.

ದಾಳಿಯಾದ ದಿನ ಕತ್ತರಿಸುವ ಅಧಿಕಾರ ಯಾರಿಗೆ?

ಸರ್ವರ್‌ನ ಫೈಲುಗಳು ತೆರೆಯುತ್ತಿಲ್ಲ, ಪರದೆಯ ಮೇಲೆ ಹಣ ಕೇಳುವ ಸಂದೇಶ ಬಂದಿದೆ. ರಾತ್ರಿ ಪಾಳಿಯಲ್ಲಿ ಇದನ್ನು ಮೊದಲು ನೋಡುವವರಿಗೆ ಪಾರ್ಟ್‌ನರ್ ಕಡೆಯ ವಿಪಿಎನ್ ಸಂಪರ್ಕ ಕತ್ತರಿಸಲು ಯಾರನ್ನೂ ಕೇಳಬೇಕಾಗಿರಬಾರದು. 'ನೀನು ಕೇಬಲ್ ಕಿತ್ತಿದ್ದಕ್ಕೆ ಯಾರೂ ಬೈಯುವುದಿಲ್ಲ' ಎಂದು ಮಾಲೀಕರು ಬರೆದು ಸಹಿ ಹಾಕಿದ ಕಾಗದ ಸರ್ವರ್ ಕೋಣೆಯ ಬಾಗಿಲಿಗೆ ಅಂಟಿಸಿರಲಿ. ನೆಟ್‌ವರ್ಕ್ ಕೇಬಲ್ ಕೀಳಬೇಕು, ಕಂಪ್ಯೂಟರ್ ಮಾತ್ರ ಆಫ್ ಮಾಡಬಾರದು. ತನಿಖೆಗೆ ಬೇಕಾದ ಕುರುಹು ಅದರ ಮೆಮೊರಿಯಲ್ಲಿರುತ್ತದೆ.

ಆಮೇಲೆ ಪಾರ್ಟ್‌ನರ್‌ಗಳಿಗೆ ತಿಳಿಸುವುದು. ಮುಚ್ಚಿಡಬೇಕೆನಿಸುತ್ತದೆ, ಆರ್ಡರ್ ಹೋದೀತು ಎಂಬ ಭಯ ಸಹಜ. ಆದರೆ ನಿಮ್ಮಿಂದ ಅವರಿಗೆ ಹರಡಿದ ಮೇಲೆ ಗೊತ್ತಾದರೆ ಆರ್ಡರ್ ಖಂಡಿತ ಉಳಿಯುವುದಿಲ್ಲ. ಏನಾಯಿತು, ಯಾವ ಸಂಪರ್ಕ ಕತ್ತರಿಸಿದ್ದೇವೆ, ಮುಂದಿನ ಸುದ್ದಿ ಎಷ್ಟು ಗಂಟೆಗೆ, ಈ ಮೂರು ಸಾಲಿನ ಸಂದೇಶವನ್ನು ಇವತ್ತೇ ಬರೆದಿಡಿ. ಕಂಪನಿ ಮೇಲ್ ಸತ್ತಿರಬಹುದು, ಆದ್ದರಿಂದ ಫೋನ್ ನಂಬರ್‌ಗಳು ಕಾಗದದ ಮೇಲಿರಲಿ.

ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಸಿಸ್ಟಂನಲ್ಲಿ ನಡೆದದ್ದರ ದಾಖಲೆ) 180 ದಿನ ಇಟ್ಟಿರಬೇಕು. ಹಣ ಕಳುವಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಡಿದುಕೊಂಡ ಸಂಪರ್ಕವನ್ನು ಮತ್ತೆ ಜೋಡಿಸಲು ದೊಡ್ಡ ಗ್ರಾಹಕರು ಸಾಕ್ಷ್ಯ ಕೇಳುತ್ತಾರೆ: ಎಲ್ಲ ಪಾಸ್‌ವರ್ಡ್, ಕೀ ಬದಲಾಗಿವೆಯೇ, ಸರ್ವರ್ ಹೊಸದಾಗಿ ಕಟ್ಟಿದ್ದೇ, ಹೊರಗಿನ ತಜ್ಞರು ನೋಡಿದ್ದಾರೆಯೇ. ಏನೇನು ಬೇಕೆಂದು ಮೊದಲೇ ಅವರಿಂದ ಕೇಳಿ ತಿಳಿದಿದ್ದರೆ ವಾರಗಳು ಉಳಿಯುತ್ತವೆ.

ಕನ್ಸಲ್ಟೆಂಟ್ ಬೇಕೇ? ಬೇಕಾದರೆ ಎಂಥವರು?

ಮೇಲಿನ ಮೊದಲ ಮೂರು ಕೆಲಸಕ್ಕೆ ಹೊರಗಿನವರು ಬೇಕಿಲ್ಲ. ನಿಮ್ಮ ಡಿಸ್ಪ್ಯಾಚ್ ಸೂಪರ್‌ವೈಸರ್‌ಗೆ ಗೊತ್ತಿರುವಷ್ಟು ಯಾವ ಕನ್ಸಲ್ಟೆಂಟ್‌ಗೂ ಗೊತ್ತಿರುವುದಿಲ್ಲ. ಜೋಡಣೆ, ಬ್ಯಾಕಪ್, ದಾಳಿಯ ತಯಾರಿಗೆ ಅನುಭವಿಗಳು ಬೇಕು.

ಆರಿಸುವಾಗ ಐಎಸ್‌ಒ 22301 (ಬಿಸಿನೆಸ್ ಕಂಟಿನ್ಯುಯಿಟಿಯ ಅಂತರರಾಷ್ಟ್ರೀಯ ಮಾನದಂಡ) ಪ್ರಮಾಣಪತ್ರದ ಬಗ್ಗೆ ಕೇಳುವುದಕ್ಕಿಂತ, ಹಿಂದೆ ನಡೆಸಿದ ಒಂದು ಡ್ರಿಲ್‌ನ (ಅಣಕು ಪರೀಕ್ಷೆಯ) ವರದಿ ತೋರಿಸಲು ಕೇಳಿ. ಹೆಸರು ಅಳಿಸಿಯೇ ಕೊಡಲಿ. ಅದರಲ್ಲಿ ಸೋತದ್ದೇನು ಎಂದು ಬರೆದಿದ್ದರೆ ಅವರು ನಿಜವಾಗಿ ಕೆಲಸ ಮಾಡಿದವರು. ಎಲ್ಲವೂ ಸರಿಯಾಯಿತು ಎಂದಷ್ಟೇ ಇದ್ದರೆ ಬಿಟ್ಟುಬಿಡಿ. ಬ್ಯಾಕಪ್ ಸಾಫ್ಟ್‌ವೇರ್ ಮಾರುವವರೇ ಪ್ಲಾನನ್ನೂ ಬರೆದುಕೊಟ್ಟರೆ ಪ್ಲಾನ್ ಬ್ಯಾಕಪ್ ಸಾಫ್ಟ್‌ವೇರ್‌ನಲ್ಲೇ ಮುಗಿಯುತ್ತದೆ.

ಒಪ್ಪಂದದಲ್ಲಿ ಒಂದು ವಿಷಯಕ್ಕೆ ಹಟ ಹಿಡಿಯಿರಿ: ಡೊಮೈನ್, ಕ್ಲೌಡ್‌ನ ಮುಖ್ಯ ಖಾತೆ, ಜೋಡಣೆಯ ಸೋರ್ಸ್ ಕೋಡ್ ಎಲ್ಲ ಕಂಪನಿಯ ಹೆಸರಲ್ಲೇ ಇರಬೇಕು. ನನಗೆ ಗೊತ್ತಿರುವ ಒಂದು ಫೌಂಡ್ರಿಯಲ್ಲಿ ವೆಬ್‌ಸೈಟ್ ಮಾಡಿಕೊಟ್ಟವರು ಡೊಮೈನನ್ನು ತಮ್ಮ ಸ್ವಂತ ಮೇಲ್‌ನಲ್ಲಿ ನೋಂದಾಯಿಸಿ ಆಮೇಲೆ ಊರು ಬಿಟ್ಟರು. ಗಡುವು ಮುಗಿದ ದಿನ ಇಡೀ ಕಂಪನಿಯ ಮೇಲ್ ಸತ್ತಿತು, ಅದರ ಜೊತೆ ಆ ಮೇಲ್‌ಗೆ ಓಟಿಪಿ ಕಳಿಸುತ್ತಿದ್ದ ಗ್ರಾಹಕರ ಪೋರ್ಟಲ್ ಕೂಡ.

ಡ್ರಿಲ್

ಒಂದು ಶನಿವಾರ ಮಧ್ಯಾಹ್ನ ಆರಿಸಿಕೊಳ್ಳಿ, ಗ್ರಾಹಕರಿಗೆ ಮೊದಲೇ ತಿಳಿಸಿ. ಡಿಸ್ಪ್ಯಾಚ್‌ನವರಿಗೆ ದಿನ ಗೊತ್ತಿರಲಿ, ಏನು ಕೀಳುತ್ತೀರಿ ಎಂಬುದು ಗೊತ್ತಾಗುವುದು ಬೇಡ. ಮೊದಲ ಸಲ ಇಂಟರ್‌ನೆಟ್‌ನ ಮುಖ್ಯ ಲೈನ್ ಕಿತ್ತು ಒಂದು ಲೋಡ್ ಕಳಿಸಿ. ಮುಂದಿನ ಸಲ ಇಆರ್‌ಪಿ ಸರ್ವರ್ ಇಲ್ಲದೆ. ಅದರ ಮುಂದಿನ ಸಲ, ಪ್ಲಾನ್ ಬಲ್ಲ ಮುಖ್ಯ ವ್ಯಕ್ತಿಗೆ ರಜೆ ಕೊಟ್ಟು. ಹೆಚ್ಚು ಕಲಿಯುವುದು ಈ ಮೂರನೆಯದರಲ್ಲಿ.

ಒಬ್ಬರು ಗಡಿಯಾರ ಹಿಡಿದು ಬರೆದುಕೊಳ್ಳುತ್ತ ನಿಲ್ಲಬೇಕು. ಎಷ್ಟು ಗಂಟೆಗೆ ಕಿತ್ತದ್ದು, ಎಷ್ಟಕ್ಕೆ ಗಮನಕ್ಕೆ ಬಂತು, ಮೊದಲು ಯಾರಿಗೆ ಫೋನ್ ಹೋಯಿತು, ಹಾಳೆಯಲ್ಲಿದ್ದ ಯಾವ ನಂಬರ್ ತಪ್ಪಾಗಿತ್ತು, ಗಾಡಿ ಗೇಟು ದಾಟಿದ್ದು ಎಷ್ಟಕ್ಕೆ. ನೀವು ಮೊದಲು ಬರೆದ 'ಎರಡು ಗಂಟೆ'ಯ ಪಕ್ಕ ಈ ನಿಜವಾದ ಹೊತ್ತನ್ನು ಬರೆಯಿರಿ. ಎರಡರ ನಡುವೆ ಅಂತರವಿದ್ದರೆ ಗಾಬರಿ ಬೇಡ, ಮೊದಲ ಸಲ ಇದ್ದೇ ಇರುತ್ತದೆ. ಸಿಕ್ಕ ಪ್ರತಿ ಲೋಪದ ಮುಂದೆ ಒಬ್ಬರ ಹೆಸರು, ಒಂದು ತಾರೀಖು ಬರಲಿ, ಅದು ಸೋಮವಾರದ ಪ್ರೊಡಕ್ಷನ್ ಮೀಟಿಂಗ್‌ನಲ್ಲಿ ಉಳಿದ ವಿಷಯಗಳ ಜೊತೆಗೇ ಚರ್ಚೆಗೆ ಬರಲಿ. ಹೊಸ ಗ್ರಾಹಕರು ಸೇರಿದಾಗ, ಇಆರ್‌ಪಿ ಬದಲಾದಾಗ, ಹಾಳೆಯಲ್ಲಿ ಹೆಸರಿರುವ ಯಾರಾದರೂ ಕೆಲಸ ಬಿಟ್ಟಾಗ, ಮುಂದಿನ ಡ್ರಿಲ್‌ಗೆ ಕಾಯದೆ ಆ ವಾರವೇ ಹಾಳೆ ತಿದ್ದಿ, ಮುದ್ರಿಸಿ, ಗೇಟಿನಲ್ಲಿರುವ ಹಳೆಯದನ್ನು ಹರಿದು ಹಾಕಿ.